ಗಂತಿನ ಕದಲಿಕೆಗೆ ತೀರ್ಪು ಹೇಗೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಜೋಡುಕರೆ ಕಂಬಳಗಳಲ್ಲಿ, ಅದು ಹೊಕ್ಕಾಡಿಗೋಳಿಯಿರಲಿ, ವೇಣೂರಿರಲಿ, ಕಡಲಕೆರೆಯಿರಲಿ, ಓಟ ಮುಗಿಯುವ ಮಂಜೊಟ್ಟಿಯ ತಕರಾರು ಈಚಿನ ವರ್ಷಗಳಲ್ಲಿ ಬಹುಮಟ್ಟಿಗೆ ತಣ್ಣಗಾಗಿದೆ. ಯಾವ ಜೋಡಿ ಮೊದಲು ದಾಟಿತೆಂಬುದನ್ನು ಲೇಸರ್ ಕಿರಣ ಸೆಕೆಂಡಿನ ನೂರನೇ ಭಾಗದ ಲೆಕ್ಕದಲ್ಲಿ ಹೇಳುತ್ತದೆ. ಓಟ ಹೊರಡುವ ಗಂತಿನ ಮಾತು ಬೇರೆ. ಅಲ್ಲಿ ತೀರ್ಪು ಇನ್ನೂ ಬಹುಮಟ್ಟಿಗೆ ಮನುಷ್ಯನ ಕಣ್ಣಿನ ಮೇಲೆಯೇ ನಿಂತಿದೆ.

ಹಗ್ಗ ಮತ್ತು ನೇಗಿಲು ವಿಭಾಗಗಳಲ್ಲಿ ಎರಡು ಕರೆಗಳಲ್ಲಿ, ಅಂದರೆ ಕೆಸರಿನ ಓಟದ ಹಾದಿಗಳಲ್ಲಿ, ಎರಡು ಜೋಡಿ ಕೋಣಗಳು ಏಕಕಾಲಕ್ಕೆ ಹೊರಡಬೇಕು. ಅದಕ್ಕೆ ಕೋಣ ಬಿಡುವವರು, ಅಂದರೆ ಗಂತಿನಲ್ಲಿ ಕೋಣಗಳನ್ನು ಹಿಡಿದು ಸಮಕ್ಕೆ ತಂದು ನಿಲ್ಲಿಸುವವರು, ಮತ್ತು ಅವುಗಳ ಹಿಂದೆ ಓಡುವವನು, ಇಷ್ಟೂ ಜನರ ಹೊಂದಾಣಿಕೆ ಬೇಕು. ಒಂದು ಕೋಣ ತಲೆ ಕೊಡವುವುದು, ಇನ್ನೊಂದು ಅಡ್ಡ ತಿರುಗುವುದು ಸಹಜ. ಆದರೆ ಓಡಿಸುವವನ ಮುಂಬಾಗುವಿಕೆ ಸಿದ್ಧತೆಯೋ, ಪಕ್ಕದ ಜೋಡಿಯನ್ನು ಕೆಣಕಿ ಅವಸರಪಡಿಸುವ ಉಪಾಯವೋ, ಬಿಡಲು ತಡಮಾಡುವುದು ಕೋಣದ ಹಠವೋ, ಎದುರಾಳಿಯ ಕೋಣ ನಿಂತು ನಿಂತು ದಣಿಯಲೆಂಬ ಲೆಕ್ಕಾಚಾರವೋ ಎಂದು ಬಗೆಹರಿಸುವುದು ಸುಲಭವಲ್ಲ.

ಇದೇ ಗೋಜಲನ್ನು ಅಮೆರಿಕದ ಬೇಸ್‌ಬಾಲ್ ಒಂದೂಕಾಲು ಶತಮಾನದಿಂದ ಅನುಭವಿಸುತ್ತಿದೆ. ಅಲ್ಲಿ ಚೆಂಡು ಎಸೆಯುವ ಪಿಚರ್, ಬೇಸಿನಿಂದ ಮುಂದೆ ಸರಿದು ಓಡಲು ಕಾದಿರುವ ಎದುರಾಳಿಯನ್ನು, ಎಸೆಯುವಂತೆ ನಟಿಸಿ ಮೋಸಗೊಳಿಸಬಾರದು. ಮೋಸಗೊಳಿಸುವ ಕದಲಿಕೆಗೆ ಬಾಕ್ ಎಂದು ಹೆಸರು, ಅಂಪೈರ್ ಬಾಕ್ ಎಂದರೆ ಬೇಸಿನಲ್ಲಿರುವವರೆಲ್ಲ ಒಂದೊಂದು ಬೇಸ್ ಮುಂದಕ್ಕೆ ಹೋಗುತ್ತಾರೆ. ಎರಡು ಕೈ ಸೇರಿಸಿದ ಪಿಚರ್ ಎಸೆಯುವ ಮೊದಲು ಕ್ಷಣಕಾಲ ನಿಲ್ಲಬೇಕೆಂಬುದು ನಿಯಮದ ತಿರುಳು. ಎಷ್ಟು ನಿಂತರೆ ನಿಂತಂತೆ ಎಂಬ ಅಸ್ಪಷ್ಟತೆ ನೀಗಿಸಲು 1988ರಲ್ಲಿ ಆ ನಿಲುಗಡೆ ಸ್ಪಷ್ಟವಾಗಿ ಕಾಣುವಂತಿರಬೇಕೆಂದು ನಿಯಮದ ಮಾತನ್ನು ಬಿಗಿಗೊಳಿಸಲಾಯಿತು. ಫಲವಾಗಿ ಹಿಂದಿನ ವರ್ಷ ನಾನೂರನ್ನೂ ಮುಟ್ಟದಿದ್ದ ಬಾಕ್‌ಗಳ ಸಂಖ್ಯೆ ಆ ವರ್ಷ ಒಂಬೈನೂರು ದಾಟಿತು, ಡೇವ್ ಸ್ಟುವರ್ಟ್ ಎಂಬ ಒಬ್ಬನೇ ಪಿಚರ್ 16 ಬಾಕ್‌ಗಳಿಗೆ ಗುರಿಯಾದ, ಮತ್ತು ಮರುವರ್ಷವೇ ಹಳೆಯ ಮಾತಿಗೆ ಮರಳಬೇಕಾಯಿತು. ಪಿಚರ್‌ಗಳು ಒಂದೇ ವರ್ಷದಲ್ಲಿ ಅಷ್ಟೊಂದು ಕಪಟಿಗಳಾದರೆಂದು ಯಾರೂ ಹೇಳಲಾರರು. ಹೆಚ್ಚಿದ್ದು ಅಂಪೈರರ ಕಣ್ಣಿಗೆ ಬಿದ್ದ ಕದಲಿಕೆಗಳು.

ಯಂತ್ರಕ್ಕೆ ವಹಿಸಿದರೆ ಮುಗಿಯಿತೆನ್ನುವವರು ಅಥ್ಲೆಟಿಕ್ಸ್ ಕಡೆ ನೋಡಬಹುದು. ಅಲ್ಲಿ ಗುಂಡಿನ ಸದ್ದಿನ ನಂತರ 0.1 ಸೆಕೆಂಡಿಗಿಂತ ಬೇಗ ಪ್ರತಿಕ್ರಿಯಿಸಿದವನನ್ನು ಮೊದಲೇ ಕದಲಿದವನೆಂದು ಹೊರಗಿಡಲಾಗುತ್ತದೆ. 2022ರ ವಿಶ್ವ ಕೂಟದಲ್ಲಿ ಡೆವೊನ್ ಆಲೆನ್ ಎಂಬ ಓಟಗಾರ 0.099 ಸೆಕೆಂಡಿಗೆ ಕದಲಿದನೆಂದು ಹರ್ಡಲ್ಸ್ ಫೈನಲ್‌ನಿಂದ ಹೊರಬಿದ್ದ. ಆ ಅಂಕಿಯಲ್ಲಿ ಖಚಿತತೆಯಿದೆ, ನ್ಯಾಯವೆಷ್ಟಿದೆಯೆಂಬುದು ಬೇರೆ ಪ್ರಶ್ನೆ. ಕಂಬಳಕ್ಕೆ ಇಲ್ಲಿ ಇನ್ನೊಂದು ತೊಡಕು ಸೇರುತ್ತದೆ: ಓಡಿಸುವವನ ಪಾದಕ್ಕೆ ಸಂವೇದಕ ಕಟ್ಟಬಹುದು, ಕೋಣದ ಮನಸ್ಸಿಗೆ ಕಟ್ಟಲಾಗದು. ಹೊರಡುವ ಕ್ಷಣವನ್ನು ಲೆಕ್ಕದಿಂದ ಬಿಟ್ಟುಬಿಡುವುದೂ ಸುಲಭ. 2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ದಾಟಿದಾಗ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ಹೇಳಿ ಉಸೇನ್ ಬೋಲ್ಟ್‌ನ 9.58ರ ಪಕ್ಕದಲ್ಲಿಟ್ಟವರು, ಬೋಲ್ಟ್‌ನ ಲೆಕ್ಕದಲ್ಲಿ ಸದ್ದು ಕೇಳಿ ಕದಲಲು ಹಿಡಿದ 0.146 ಸೆಕೆಂಡೂ ನಿಂತಲ್ಲಿಂದ ವೇಗ ಗಳಿಸುವ ನಿಧಾನವೂ ನೂರು ಮೀಟರಿನೊಳಗೇ ಅಡಕವಾಗಿದ್ದನ್ನು ಮರೆತರು. ಹೊರಡುವ ಕ್ಷಣವನ್ನು ಲಘುವಾಗಿ ಕಾಣುವ ಅಭ್ಯಾಸ ಗಂತಿನ ಆಚೆಗೂ ಇದೆ.

ಆದುದರಿಂದ ತೀರ್ಪುಗಾರನು ಉದ್ದೇಶವನ್ನು ಹುಡುಕುವ ಕೆಲಸವನ್ನೇ ಬಿಡುವುದು ಮೇಲು. ಕೋಣದ ಕದಲಿಕೆಯನ್ನು ತಪ್ಪೆಂದು ಎಣಿಸದೆ, ಮನುಷ್ಯನ ಎರಡು ಕೃತ್ಯಗಳನ್ನಷ್ಟೇ ನೋಡಬೇಕು: ಸೂಚನೆಗೆ ಮೊದಲು ಬಿಟ್ಟದ್ದು, ಮತ್ತು ಎದುರು ಜೋಡಿ ಸಿದ್ಧವಾದ ಮೇಲೂ ನಿಗದಿತ ಸಮಯದೊಳಗೆ ಬಿಡದೆ ಉಳಿದದ್ದು. ಎರಡನೆಯದಕ್ಕೆ ಗಂತಿನಲ್ಲಿ ಎಲ್ಲರಿಗೂ ಕಾಣುವ ಗಡಿಯಾರ ಸಾಕು. ಕೋಣಗಳ ಹಿತದ ಷರತ್ತುಗಳಿಗೆ ಒಳಪಟ್ಟೇ ಕಂಬಳದ ಕಾನೂನನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿದಿರುವಾಗ, ಅವು ಗಂತಿನಲ್ಲಿ ವೃಥಾ ನಿಂತು ಬಳಲುವುದನ್ನು ಬರಿಯ ಕ್ರೀಡಾ ತಕರಾರೆಂದು ತಳ್ಳಿಹಾಕುವಂತಿಲ್ಲ. ಗಡಿಯಾರ ಮೀರಿದ ಜೋಡಿಗೆ ಮೊದಲ ಸಲ ಎಚ್ಚರಿಕೆ, ಎರಡನೆಯ ಸಲ ಆ ಸುತ್ತಿನ ಸೋಲು ಎಂದು ಋತುವಿನ ಮೊದಲ ಕಂಬಳಕ್ಕೆ ಮುನ್ನವೇ ಯಜಮಾನರಿಗೆ ತಿಳಿಸಿ, ತೀರ್ಪಿನ ಕಾರಣವನ್ನು ಧ್ವನಿವರ್ಧಕದಲ್ಲಿ ಆಗಲೇ ಹೇಳಿಬಿಟ್ಟರೆ, ಕರೆಯ ಬದಿಯ ವಾಗ್ವಾದ ಪೂರ್ತಿ ನಿಲ್ಲದಿದ್ದರೂ ಮುಂದಿನ ಜೋಡಿ ಕಾಯುವ ಹೊತ್ತು ಕಡಿಮೆಯಾಗುತ್ತದೆ.