ಹಿಡಿಯುವವನ ಬೆಲೆ

ಕೋಲಾರದ ಚಿನ್ನದ ಗಣಿಯ ಸೀಮೆಯ ಹುಡುಗನೊಬ್ಬ ಕಬಡ್ಡಿ ಅಂಕಣದಲ್ಲಿ ನಾಲ್ಕು ಜನರನ್ನು ಕೆಡವಿದನೆಂದರೆ ಸಾಕು, ಅವನನ್ನು ‘ಅಪ್ಪಟ ಚಿನ್ನ’ವೆಂದು ಸಾರುವವರು ನಮ್ಮಲ್ಲಿ ಹೆಚ್ಚಾಗಿದ್ದಾರೆ. 2018ರಲ್ಲಿ ಆ ಸಿನಿಮಾ ಬಂದ ಮೇಲಂತೂ ಅಲ್ಲಿಯ ಹುಡುಗರೆಲ್ಲ ಸುತ್ತಿಗೆ ಹಿಡಿದೇ ಹುಟ್ಟಿದವರೆಂದು ಬೆಂಗಳೂರಿನವರು ನಂಬಿಬಿಟ್ಟಂತಿದೆ. ಇದರಿಂದ ಯಾರಿಗೂ ನಷ್ಟವಿಲ್ಲವೆಂದು ತಿಳಿಯಬೇಡಿ. ನಷ್ಟ ಆ ಹುಡುಗನಿಗೆ.

ಈಚೆಗೆ ಬಂಗಾರಪೇಟೆಯಲ್ಲಿ ಒಂದು ಪಂದ್ಯ ನೋಡಿದೆ. ಕಾಲೇಜು ತಂಡದ ಎಡ ಕಾರ್ನರ್‌ನಲ್ಲಿ ನಿಲ್ಲುವವನು ಬಿ.ಕಾಂ. ಕೊನೆಯ ವರ್ಷದ ಹುಡುಗ. ಐದು ಹಿಡಿತ ಹಿಡಿದ. ಐದೂ ಮೊಬೈಲಿನಲ್ಲಿ ಸೆರೆಯಾಗಿ ಸಂಜೆಯೊಳಗೆ ಊರೆಲ್ಲ ಸುತ್ತಿದವು. “ಪ್ರೊ ಕಬಡ್ಡಿಗೆ ಹೋಗಬೇಕಾದವನು ಇವನು, ಇವನಿಗೆ ಪರೀಕ್ಷೆ-ಗಿರೀಕ್ಷೆ ಯಾಕೆ?” ಎಂದು ಪಕ್ಕದಲ್ಲಿದ್ದ ದೊಡ್ಡ ಮನುಷ್ಯರೊಬ್ಬರು ಹುಡುಗನ ಎದುರಿಗೇ ತೀರ್ಪು ಕೊಟ್ಟರು.

ನಾನು ಲೆಕ್ಕ ಬರೆದುಕೊಂಡಿದ್ದೆ. ಐದರಲ್ಲಿ ಎರಡು ಹಿಡಿತ ಸಿಕ್ಕಿದ್ದು ಎದುರಾಳಿಗಳು ಇಪ್ಪತ್ತು ಅಂಕ ಮುಂದಿದ್ದು ಉದಾಸೀನವಾಗಿ ಆಡುತ್ತಿದ್ದಾಗ. ಇನ್ನೊಂದರಲ್ಲಿ ಇವನ ಕೈ ಜಾರಿಯೇ ಹೋಗಿತ್ತು. ಕವರ್‌ನಲ್ಲಿದ್ದವನು ಅಡ್ಡ ಬಂದು ಹೊರಕ್ಕೆ ತಳ್ಳದಿದ್ದರೆ ದಾಳಿಗಾರ ನಡುಗೆರೆ ಮುಟ್ಟುತ್ತಿದ್ದ. ಅಲ್ಲದೆ ನಾಲ್ಕು ಸಲ ದುಡುಕಿ ಕಾಲಿಗೆ ಬಿದ್ದು ಇವನೇ ಔಟಾದ. ಆ ನಾಲ್ಕನ್ನು ಯಾರ ಮೊಬೈಲೂ ಹಿಡಿಯಲಿಲ್ಲ.

ಹಾಗಾದರೆ ಹುಡುಗ ಜೊಳ್ಳೇ? ಅಲ್ಲ. ನನಗೆ ಅವನಲ್ಲಿ ನಂಬಿಕೆ ಹುಟ್ಟಿದ್ದು ಬೇರೊಂದು ಗಳಿಗೆಯಲ್ಲಿ. ಎದುರು ತಂಡದ ಎರಡು ದಾಳಿ ಬರಿದಾಗಿ, ಮೂರನೆಯದರಲ್ಲಿ ಅಂಕ ತರಲೇಬೇಕಾದ ಸ್ಥಿತಿ. ಪಕ್ಕದ ಗೆಳೆಯ ಆತುರದಿಂದ ಮುನ್ನುಗ್ಗಹೋದ. ಇವನು ಅವನ ಕೈಯನ್ನು ಬಿಗಿಯಾಗಿ ಹಿಡಿದು ಹಿಂದಕ್ಕೆಳೆದ. ಮೂವತ್ತು ಸೆಕೆಂಡು ಮುಗಿಯಿತು, ದಾಳಿಗಾರ ತಾನಾಗಿಯೇ ಔಟಾದ. ಅಂಕ ತಂಡಕ್ಕೆ ಸಂದಿತು. ಹುಡುಗನ ಹೆಸರಿನ ಮುಂದೆ ಮಾತ್ರ ಸೊನ್ನೆ. ಕಾರ್ನರ್ ಆಟಗಾರನ ವಿವೇಕವೆಲ್ಲ ಇಂಥ ಸೊನ್ನೆಗಳಲ್ಲೇ ಇರುತ್ತದೆ ಸ್ವಾಮಿ.

“ಅಂಕಿ ಸುಳ್ಳು ಹೇಳುವುದಿಲ್ಲ” ಎನ್ನುವವರಿದ್ದಾರೆ. ಸುಳ್ಳು ಹೇಳುವುದಿಲ್ಲ ನಿಜ, ಆದರೆ ಅರ್ಧ ಹೇಳಿ ಸುಮ್ಮನಾಗುತ್ತದೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದಂದಿನಿಂದ ಟ್ಯಾಕಲ್ ಅಂಕ, ‘ಹೈ ಫೈವ್’, ‘ಸೂಪರ್ ಟ್ಯಾಕಲ್’ ಎಂಬ ಮಾತುಗಳು ಮನೆಮಾತಾಗಿವೆ. ನಾಲ್ವರು ಸೇರಿ ಕೆಡವಿದರೂ ಟ್ಯಾಕಲ್ ಬರೆಯುವುದು ಒಬ್ಬನ ಲೆಕ್ಕಕ್ಕೆ. ಇರಾನಿನ ಶಾದ್ಲೂಯಿಯನ್ನು 2023ರ ಹರಾಜಿನಲ್ಲಿ ಪುಣೇರಿ ಪಲ್ಟನ್ 2.35 ಕೋಟಿ ರೂಪಾಯಿ ಕೊಟ್ಟು ಕೊಂಡಿತಲ್ಲ ಎಂದು ಕೇಳಬಹುದು. ಕೊಂಡಿತು, ಆ ಋತುವಿನಲ್ಲಿ ನಮ್ಮ ಕರ್ನಾಟಕದ ಬಿ.ಸಿ. ರಮೇಶರ ತರಬೇತಿಯಲ್ಲಿ ಆ ತಂಡ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಅದಕ್ಕೆ ಮೊದಲು ಅವನು ಪಾಟ್ನಾ ತಂಡದಲ್ಲಿ ಎರಡು ಋತು ದೇಶದ ಅತ್ಯುತ್ತಮ ದಾಳಿಗಾರರ ಎದುರು ನಿಂತು ತೋರಿಸಿದ್ದ. ಯಾರೋ ಹರಿಯಬಿಟ್ಟ ಐದು ತುಣುಕು ನೋಡಿ ಕೊಟ್ಟ ಬೆಲೆಯಲ್ಲ ಅದು.

ಇದನ್ನು ಗಣಿಯ ಊರಿನವರಿಗೆ ಹೇಳಿಕೊಡಬೇಕಾಗಿ ಬಂದದ್ದೇ ವಿಚಿತ್ರ. 2001ರಲ್ಲಿ ಮುಚ್ಚುವವರೆಗೆ ಆ ಗಣಿಗಳು ನಡೆದದ್ದು ಹೊಳೆಯುವ ಕಲ್ಲನ್ನು ನಂಬಿ ಅಲ್ಲ. ಅದಿರಿನ ಪದರದುದ್ದಕ್ಕೂ ಅಳತೆಯ ಅಂತರದಲ್ಲಿ ಮಾದರಿ ಕೆತ್ತಿ, ಪುಡಿಮಾಡಿ, ಸೀಸದೊಡನೆ ಕುಲುಮೆಯಲ್ಲಿ ಕರಗಿಸಿ, ಕೊನೆಗೆ ಉಳಿದ ಸಾಸಿವೆಗಾತ್ರದ ಗುಂಡನ್ನು ತೂಗಿ, ಆಮೇಲೆ ಇಲ್ಲಿ ಅಗೆಯಬಹುದೋ ಬಾರದೋ ಎಂದು ಹೇಳುತ್ತಿದ್ದರು. ಬರಡು ಕಲ್ಲಿನ ಮಾದರಿಯೂ ಲೆಕ್ಕಕ್ಕೆ ಸೇರಬೇಕು. ಕಣ್ಣಿಗೆ ಚಿನ್ನ ಕಾಣುವ ತುಂಡೊಂದು ಸಿಕ್ಕರೆ ಅದು ಅತಿಥಿಗಳಿಗೆ ತೋರಿಸುವುದಕ್ಕೆ ಚೆನ್ನ, ಅದನ್ನು ನಂಬಿ ಸುರಂಗ ಕೊರೆದವನು ಕೆಟ್ಟ. ಕಲ್ಲಿಗೆ ತೋರಿಸಿದ ಈ ಶ್ರದ್ಧೆಯನ್ನು ಹುಡುಗನಿಗೇಕೆ ತೋರಿಸಬಾರದು?

ಅವನ ಹತ್ತು ಪಂದ್ಯಗಳನ್ನು ಪೂರ್ತಿ ನೋಡಿ. ಸೋತದ್ದನ್ನು ಮೊದಲು ನೋಡಿ. ತಪ್ಪಿದ ಹಿಡಿತಗಳನ್ನು ಎಣಿಸಿ. ಬರಿಗಾಲಲ್ಲಿ ಮಣ್ಣಿನ ಮೇಲೆ ಪಾದ ಹಿಡಿದವನು ಶೂ ಹಾಕಿ ಮ್ಯಾಟ್ ಮೇಲೆ, ಹಿಂದೆಂದೂ ಕಾಣದ ದಾಳಿಗಾರನ ಎದುರು, ಏನು ಮಾಡುತ್ತಾನೆಂದು ಪರೀಕ್ಷಿಸಿ. ಮಂಡಿಯನ್ನು ಒಬ್ಬ ವೈದ್ಯರಿಗೆ ತೋರಿಸಿ. ಇಷ್ಟಾದ ಮೇಲೂ ತಂಡಕ್ಕೆ ಆಯ್ಕೆಯಾದನೆನ್ನಿ. ಅಂಕಣಕ್ಕೆ ಇಳಿಯುವವರು ಏಳೇ ಜನ. ಉಳಿದವರಿಗೆ ಬೆಂಚು. ಬೆಂಚಿನಿಂದ ಎದ್ದು ಬಂದವನ ಕೈಯಲ್ಲಿ ಪದವಿಯೂ ಇಲ್ಲದಿದ್ದರೆ, ಮಾರಿಕುಪ್ಪಂನಿಂದ ಹೊರಡುವ ಮುಂಜಾನೆಯ ರೈಲಿನಲ್ಲಿ ಅವನ ಅಮ್ಮ ನಿಂತು ಹೋಗುವ ಜಾಗದ ಪಕ್ಕದಲ್ಲೇ ಅವನಿಗೂ ಜಾಗ. ಆಕೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾರೆ.

ಹುಡುಗನಿಗೆ ಮುಂದಿನ ತಿಂಗಳು ಕೊನೆಯ ಸೆಮಿಸ್ಟರ್. ಶುಲ್ಕ ಇನ್ನೂ ಬಾಕಿಯಂತೆ. ತೀರ್ಪು ಕೊಟ್ಟ ಆ ದೊಡ್ಡ ಮನುಷ್ಯರು ಏನಾದರೂ ನೆರವಾದರೇ ಎಂದು ವಿಚಾರಿಸಿದೆ. ಒಂದು ಜರ್ಸಿ ಮಾಡಿಸಿ ಕೊಟ್ಟಿದ್ದಾರಂತೆ, ಬೆನ್ನ ಮೇಲೆ ‘ಗೋಲ್ಡ್’ ಎಂದು ಬರೆಸಿ.