ಮನೆವಾರ್ತೆ: ಚಿತ್ರಗಳ ಭಂಡಾರ

ಈ ತಿಂಗಳು ನಾವು ಪ್ರಸ್ತಾಪಿಸಬೇಕೆಂದಿರುವ ವಿಷಯವು ಅಡಿಗೆಯ ಮನೆಯದೂ ಅಲ್ಲ, ಅಟ್ಟದ ಮೇಲಿನದೂ ಅಲ್ಲ, ಮನೆಮಂದಿಯೆಲ್ಲರ ಜೇಬಿನಲ್ಲಿರತಕ್ಕದ್ದು. ಹರಪನಹಳ್ಳಿಯ ಸೀಮೆಯಲ್ಲಿ ಒಂದು ಮದುವೆ ನಡೆದರೆ ಹತ್ತು ಮೊಬೈಲುಗಳು ಹತ್ತು ಕಡೆಯಿಂದ ಚಿತ್ರ ಹಿಡಿಯುವುವು. ಮೂರು ವರ್ಷ ಕಳೆದ ಮೇಲೆ, ಅಜ್ಜಿಯು ಅಕ್ಷತೆ ಹಾಕುತ್ತಿದ್ದ ಆ ಒಂದು ಚಿತ್ರವೆಲ್ಲಿ ಎಂದು ಕೇಳಿದರೆ, ಮನೆಯವರೆಲ್ಲರೂ ಬೆರಳಾಡಿಸುತ್ತ ಕುಳಿತುಬಿಡುವರು. ಚಿತ್ರವುಂಟು, ಆದರೆ ಸಿಕ್ಕದು.

ಇದು ಹಗುರವಾಗಿ ಎಣಿಸತಕ್ಕ ಮಾತಲ್ಲ. ಇದೇ ವಿಜಯನಗರ ಜಿಲ್ಲೆಯ ಹಂಪೆಯಲ್ಲಿ, 1856ರಷ್ಟು ಹಿಂದೆ, ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಹಚ್ಚಿದ ಕಾಗದದ ಮೇಲೆ ಬಿಂಬಗಳನ್ನು ಹಿಡಿದನು. 1983ರಲ್ಲಿ ಆಸ್ಟ್ರೇಲಿಯಾ ದೇಶದ ಜಾನ್ ಗಾಲಿಂಗ್ಸ್ ಎಂಬವರು ಅದೇ ಸ್ಥಳಗಳನ್ನು ಹುಡುಕಿ, ಅಲ್ಲಿಯೇ ನಿಂತು, ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ, ವಿಠ್ಠಲ ದೇವಾಲಯದ ಕಲ್ಲಿನ ರಥದ ಮೇಲೆ ಹಿಂದೆ ಇದ್ದ ಇಟ್ಟಿಗೆಯ ಶಿಖರವು ಈಗಿಲ್ಲವೆಂಬುದು ಕಣ್ಣಿಗೆ ಕಟ್ಟುತ್ತದೆ. ಆ ಕಾಗದಗಳು ಉಳಿದುದು ಒಂದು ಭಾಗ್ಯ. ಇಂತಹ ಸ್ಥಳದ್ದು, ಇಂತಹ ವರ್ಷದ್ದು ಎಂದು ಗೊತ್ತಿದ್ದುದು ಅದಕ್ಕೂ ಮಿಗಿಲಾದ ಭಾಗ್ಯ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ತೇರು ಉರುಳಿಬಿದ್ದಿತಷ್ಟೆ. ಅದಕ್ಕೆ ಹಿಂದಿನ ಜಾತ್ರೆಗಳಲ್ಲಿ ಆ ತೇರಿನ ಮುಂದೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಸಿದ ಮನೆಗಳೆಷ್ಟಿಲ್ಲ! ಅವುಗಳಲ್ಲಿ ಎಷ್ಟು ಮನೆಯವರು ಇಂದು ಅದನ್ನು ತೆಗೆದು ತೋರಿಸಬಲ್ಲರು?

ಮೊದಲು ಕಳೆ ಕೀಳುವುದು ಒಳಿತು. ಒಂದೇ ಭಂಗಿಯ ಹದಿನೈದು ಚಿತ್ರಗಳಲ್ಲಿ ಎರಡನ್ನು ಇಟ್ಟುಕೊಂಡರೆ ಸಾಕು. ದಿನವೂ ಬಂದು ಬೀಳುವ ಶುಭೋದಯದ ಹೂವುಗಳನ್ನು ಯಾವ ಸಂಕೋಚವೂ ಇಲ್ಲದೆ ಅಳಿಸಿಬಿಡಬಹುದು.

ಅನಂತರ ವರ್ಷಕ್ಕೊಂದು ಕಡತ, ಅದರೊಳಗೆ ತಿಂಗಳಿಗೊಂದು. ಹೆಸರಿನಲ್ಲಿ ವರ್ಷವು ಮೊದಲು, ತಿಂಗಳು ಆಮೇಲೆ, ಊರೂ ಸಂದರ್ಭವೂ ಕೊನೆಗೆ ಬರತಕ್ಕದ್ದು: 2024-03 ಕೊಟ್ಟೂರು ತೇರು, ಎಂಬಂತೆ. ಹೀಗೆ ಬರೆದರೆ ಗಣಕಯಂತ್ರವು ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸಿಕೊಡುವುದು. ಜಿಲ್ಲೆಯ ಹೆಸರಿನಿಂದ ವಿಂಗಡಿಸುವ ಗೋಜಿಗೆ ನಮ್ಮ ಈ ಕಡೆಯವರು ಹೋಗಲೇಬಾರದು. ಹರಪನಹಳ್ಳಿಯು 1953ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿಯಲ್ಲಿ. 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಬಂದಿತು. ಮನೆಯು ಕದಲಲಿಲ್ಲ, ಬಾವಿಯು ಕದಲಲಿಲ್ಲ, ಜಿಲ್ಲೆಗಳೇ ಕದಲಿದುವು! ಊರಿನ ಹೆಸರೊಂದನ್ನೇ ನಂಬುವುದು ಕ್ಷೇಮ. ಕನ್ನಡದಲ್ಲಿ ಬರೆಯುವವರು ಯೂನಿಕೋಡ್ ಲಿಪಿಯಲ್ಲಿಯೇ ಬರೆಯಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬರೆದಿಟ್ಟ ಟಿಪ್ಪಣಿಗಳು ಬೇರೆ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಗೀಚುಗಳಾಗುವುದನ್ನು ನೋಡಿದವರೇ ಬಲ್ಲರು.

ವಾಟ್ಸಾಪಿನಲ್ಲಿ ಬಂದ ಪ್ರತಿಯನ್ನೇ ಮೂಲವೆಂದು ತಿಳಿಯಕೂಡದು. ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವನ್ನು ಅದು ಕುಗ್ಗಿಸುತ್ತದೆ. ಕ್ಯಾಮೆರಾವು ಚಿತ್ರದೊಳಗೆ ಬರೆದಿದ್ದ ದಿನ, ವೇಳೆ, ಸ್ಥಳಗಳನ್ನೂ ಕಳಚಿಹಾಕುತ್ತದೆ. ಬೆಂಗಳೂರಿನಲ್ಲಿಯೋ ಅಮೆರಿಕೆಯಲ್ಲಿಯೋ ಇರುವ ಮಗನಿಂದ ಚಿತ್ರ ತರಿಸುವಾಗ 'ಡಾಕ್ಯುಮೆಂಟ್' ಎಂಬ ದಾರಿಯಿಂದ ಕಳುಹಿಸೆಂದು ಹೇಳಬೇಕು.

ಇನ್ನು ಇಡುವ ಸ್ಥಳದ ವಿಚಾರ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿಯಾದರೂ ಬೇರೆ ಮನೆಯಲ್ಲಿ: ಇದು ಛಾಯಾಗ್ರಾಹಕರ ವಲಯದಿಂದಲೇ ಪ್ರಚಾರಕ್ಕೆ ಬಂದ ನಿಯಮ. ಒಂದು ಹಾರ್ಡ್‌ಡಿಸ್ಕು ಇಲ್ಲಿದ್ದರೆ, ಇನ್ನೊಂದು ಹೊಸಪೇಟೆಯ ಮಗಳ ಮನೆಯಲ್ಲಿರಲಿ. ನಮ್ಮ ಬೇಸಗೆಯ ಕಾವೂ ಧೂಳೂ ಅದಕ್ಕೆ ಶತ್ರುಗಳು; ತಂಪಾದ ಕಪಾಟಿನಲ್ಲಿಟ್ಟು, ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕು. ಗೂಗಲ್ಲಿನವರ ಭಂಡಾರವನ್ನು ಬೇಡವೆನ್ನುವುದಿಲ್ಲ. ಆದರೆ 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಸ್ಥಳವು ನಿಂತುಹೋಯಿತು; 15 ಗಿಗಾಬೈಟ್ ಮೀರಿದರೆ ಬಾಡಿಗೆ ತೆರಬೇಕು. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನೂ ಅವರು ಮಾಡಿರುವರು. ಮನೆಯ ಹಿರಿಯರೊಬ್ಬರು ತೀರಿಕೊಂಡು, ಅವರ ಗುಪ್ತಪದವು ಯಾರಿಗೂ ತಿಳಿಯದಿದ್ದರೆ, ಅವರ ಚಿತ್ರಗಳೂ ಅವರ ಹಿಂದೆಯೇ ಹೋದುವೆಂದು ತಿಳಿಯಬೇಕು. ಗುಪ್ತಪದವನ್ನು ಒಂದು ಚೀಟಿಯಲ್ಲಿ ಬರೆದು, ಹೊಲದ ಪತ್ರಗಳಿರುವ ಪೆಟ್ಟಿಗೆಯಲ್ಲಿಡುವುದರಿಂದ ನಷ್ಟವೇನು?

ಇವೆಲ್ಲವೂ ಯಂತ್ರದ ಕೆಲಸ; ಒಂದು ಭಾನುವಾರ ಕುಳಿತರೆ ಬಹುಪಾಲು ಮುಗಿಯುವುದು. ಯಂತ್ರದಿಂದ ಆಗದ ಕೆಲಸವು ಹೆಸರು ಬರೆಯುವುದು. ಈಗಿನ ಯಂತ್ರಗಳು ಒಂದೇ ಮುಖದ ಚಿತ್ರಗಳನ್ನು ಒಂದೆಡೆ ಗುಂಪುಕೂಡಿಸಬಲ್ಲವು. ಆ ಮುಖವು ಉಚ್ಚಂಗಿದುರ್ಗದ ಸೋದರತ್ತೆಯದೋ, ಹಡಗಲಿಯ ದೊಡ್ಡಮ್ಮನದೋ ಎಂಬುದನ್ನು ಹೇಳಲಾರವು. ಅದನ್ನು ಬಲ್ಲವರು ಮನೆಯಲ್ಲಿ ಒಬ್ಬಿಬ್ಬರು, ಅವರೂ ಎಂಬತ್ತರ ಆಚೀಚೆಯವರು. ಹಾರ್ಡ್‌ಡಿಸ್ಕನ್ನು ಮುಂದಿನ ತಿಂಗಳು ಕೊಳ್ಳಬಹುದು. ಈ ಕೆಲಸವನ್ನು ಮುಂದಿನ ತಿಂಗಳಿಗೆ ತಳ್ಳುವುದು ನಮಗೆ ಸರಿದೋರದು.

ಬೇಸಗೆಯ ರಜೆಗೆ ಮೊಮ್ಮಕ್ಕಳು ಬಂದಾಗ ಹಳೆಯ ಪಟಗಳನ್ನು ಹಗಲು ಬೆಳಕಿನಲ್ಲಿ ಅಜ್ಜಿಯ ಮುಂದೆ ಹರವಿರಿ. ಒಬ್ಬರು ಕೇಳಲಿ, ಒಬ್ಬರು ಬರೆಯಲಿ. ಮೊಬೈಲೊಂದು ಅವರ ದನಿಯನ್ನು ಹಿಡಿಯುತ್ತಿರಲಿ. ಆ ದನಿಯ ಕಡತಕ್ಕೂ ಚಿತ್ರಕ್ಕೂ ಒಂದೇ ಹೆಸರು ಕೊಟ್ಟು ಜೊತೆಯಲ್ಲಿಡಿರಿ. ಪಟದ ಬೆನ್ನಿಗೆ ಬರೆಯುವುದಾದರೆ ಮೆತ್ತನೆಯ ಸೀಸದಕಡ್ಡಿಯಿಂದ, ಅಂಚಿನಲ್ಲಿ, ಒತ್ತದೆ ಬರೆಯಬೇಕು. ಬಾಲ್‌ಪೆನ್ನಿನ ಒತ್ತು ಎದುರುಬದಿಯ ಮುಖದ ಮೇಲೆ ಮೂಡುವುದು. ದಿನಕ್ಕೆ ಇಪ್ಪತ್ತು ಚಿತ್ರಗಳಾದರೆ ಸಾಕು. ಹೆಚ್ಚಾದರೆ ಅಜ್ಜಿಗೆ ಆಯಾಸ. ಒಂದು ಹೆಸರಿಗೆ ಒಂದು ಕತೆ ಬಂದರೆ ತಡೆಯದಿರಿ.

ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಹಳೆಯ ಪಟಗಳನ್ನು ಮಾತ್ರ ಎಳೆದು ಬಿಡಿಸಲು ಹೋಗಬೇಡಿರಿ. ಗಾಜಿನ ಮೇಲಿಂದಲೇ ಚಿತ್ರ ತೆಗೆದುಕೊಂಡು ಹಾಗೆಯೇ ಬಿಡಿರಿ. ಅವುಗಳ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.