ಬೈಕ್ ನಿಲ್ಲಿಸಲು ಜಾಗ ಕೊಡಿ, ರೈಲು ನಾವೇ ಹತ್ತುತ್ತೇವೆ

ಇವರಿಗೆ,
ವಿಭಾಗೀಯ ರೈಲ್ವೆ ವ್ಯವಸ್ಥಾಪಕರು,
ಬೆಂಗಳೂರು ವಿಭಾಗ, ನೈರುತ್ಯ ರೈಲ್ವೆ.

ಮಾನ್ಯರೇ,

ಹೊಸ ರೈಲು ಬೇಕು, ಇಂಥ ಊರಲ್ಲಿ ನಿಲುಗಡೆ ಬೇಕು, ಸಮಯ ಬದಲಿಸಿ ಎಂಬ ಮನವಿಗಳು ತಮ್ಮ ಮೇಜಿಗೆ ದಿನವೂ ಬರುತ್ತಿರುತ್ತವೆ. ಅವೆಲ್ಲ ನ್ಯಾಯವಾದವೇ. ನಾನು ಬರೆಯುತ್ತಿರುವುದು ಅದಕ್ಕೂ ಹಿಂದಿನ ಒಂದು ವಿಷಯದ ಬಗ್ಗೆ. ಬೆಂಗಳೂರಿಗೆ ಹೋಗಲು ರೈಲು ಹಿಡಿಯಬೇಕಾದವನು ತನ್ನ ಬೈಕನ್ನು ಎಲ್ಲಿ ನಿಲ್ಲಿಸಿ ಹೋಗಬೇಕು ಎಂಬುದರ ಬಗ್ಗೆ.

ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಒಂದು ಕಡೆ; ತುಮಕೂರು ಇನ್ನೊಂದು ಕಡೆ; ಬಂಗಾರಪೇಟೆ, ಮಾಲೂರು ಮತ್ತೊಂದು ಕಡೆ. ಈ ಮೂರೂ ದಿಕ್ಕುಗಳಿಂದ ಬೆಳಗಿನ ಮೆಮು, ಪ್ಯಾಸೆಂಜರ್, ಎಕ್ಸ್‌ಪ್ರೆಸ್‌ಗಳಲ್ಲಿ ರಾಜಧಾನಿಗೆ ಬಂದು ಸಂಜೆ ಮರಳುವವರು ಯಾರೆಂದು ತಮಗೆ ಗೊತ್ತು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ನರ್ಸ್‌ಗಳು, ಕಾಲೇಜು ವಿದ್ಯಾರ್ಥಿಗಳು, ಕೋರ್ಟು ಕಚೇರಿಗಳ ನೌಕರರು, ಸೆಕ್ಯುರಿಟಿ ಕೆಲಸದವರು. ಇವರಲ್ಲಿ ಸ್ಟೇಷನ್ ಪಕ್ಕದ ಬೀದಿಯಲ್ಲೇ ಮನೆ ಇರುವವರು ಕಡಿಮೆ. ಹೆಚ್ಚಿನವರು ಐದೋ ಹತ್ತೋ ಕಿಲೋಮೀಟರ್ ಆಚೆಯ ಹಳ್ಳಿಗಳವರು. ಬೆಳಗಿನ ಜಾವ ಆ ಹಳ್ಳಿಗಳಿಂದ ಸ್ಟೇಷನ್‌ಗೆ ಬಸ್ಸಿಲ್ಲ. ಇದ್ದರೂ ರೈಲಿನ ಹೊತ್ತಿಗೆ ಹೊಂದುವುದಿಲ್ಲ. ಆಟೊ ಹಿಡಿದರೆ ಒಂದು ದಿನದ ಆಟೊ ಬಾಡಿಗೆಯೇ ರೈಲಿನ ಟಿಕೆಟ್ ದರವನ್ನು ಮೀರುತ್ತದೆ. ಹೀಗಾಗಿ ಅವರಿಗೆ ಉಳಿದಿರುವುದು ಮನೆಯ ಬೈಕ್ ಅಥವಾ ಸ್ಕೂಟರ್.

ಸ್ಟೇಷನ್ನಿಗೆ ಬಂದರೆ ಸ್ಟ್ಯಾಂಡ್ ತುಂಬಿರುತ್ತದೆ. ಇಲ್ಲವೇ ಸ್ಟ್ಯಾಂಡಿನವನು ಇನ್ನೂ ಬಂದಿರುವುದಿಲ್ಲ. ಸಣ್ಣ ಹಾಲ್ಟ್ ಸ್ಟೇಷನ್ನುಗಳಲ್ಲಂತೂ ಹೊಂಗೆ ಮರದ ನೆರಳೇ ಸ್ಟ್ಯಾಂಡ್. ಆಗ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ, ಮುಚ್ಚಿದ ಅಂಗಡಿಯ ಮುಂದೆ, ಯಾರದೋ ಮನೆಯ ಕಾಂಪೌಂಡಿಗೆ ಒತ್ತಿ ಗಾಡಿ ನಿಲ್ಲಿಸಬೇಕು. ಒಂಬತ್ತಕ್ಕೆ ಅಂಗಡಿ ತೆಗೆಯುವವನು ಆ ಬೈಕನ್ನು ಎಳೆದು ಮೋರಿಯ ಕಡೆ ಸರಿಸಿದರೆ ಅವನನ್ನು ಬೈಯುವಂತಿಲ್ಲ; ಅವನ ಹೊಟ್ಟೆಪಾಡು ಅದು. ಪೊಲೀಸರು ದಂಡ ಹಾಕಿದರೆ ಅವರನ್ನೂ ದೂರುವಂತಿಲ್ಲ. ಆದರೆ ಸಂಜೆಯವರೆಗೂ ಬೆಂಗಳೂರಿನಲ್ಲಿ ಕೆಲಸ ಮಾಡುವವನ ಮನಸ್ಸಿನ ಒಂದು ಮೂಲೆ ಆ ಮೋರಿಯ ಪಕ್ಕದಲ್ಲೇ ಇರುತ್ತದೆ. ರಾತ್ರಿ ಎಂಟೂವರೆ ಒಂಬತ್ತಕ್ಕೆ ಇಳಿದು ಬೀದಿದೀಪವಿಲ್ಲದ ಕಡೆ ತನ್ನ ಸ್ಕೂಟರ್ ಹುಡುಕುವ ಹೆಣ್ಣುಮಗಳ ಸ್ಥಿತಿಯನ್ನು ನಾನು ವಿವರಿಸಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಮಗಳು ಬೆಂಗಳೂರಿನ ಕೆಲಸ ಒಪ್ಪಿಕೊಳ್ಳುವುದೋ ಬಿಡುವುದೋ ಎಂಬ ಮಾತು ಬಂದಾಗ ರೈಲಿನ ಸಮಯದಷ್ಟೇ ಗಂಭೀರವಾಗಿ ಈ ಕತ್ತಲೆಯ ಪ್ರಶ್ನೆಯೂ ಬರುತ್ತದೆ.

ಜಾಗ ಹುಡುಕುವುದರಲ್ಲಿ ಐದು ನಿಮಿಷ ಹೋದರೆ ರೈಲು ಹೋಯಿತು. ಮೆಟ್ರೊದ ಹಾಗೆ ಬೆನ್ನಿಗೇ ಇನ್ನೊಂದು ಬರುವುದಿಲ್ಲ. ರೈಲು ತಪ್ಪಿದವನು ಬಸ್‌ಸ್ಟ್ಯಾಂಡಿಗೆ ಓಡುತ್ತಾನೆ, ಇಲ್ಲವೇ ಅದೇ ಬೈಕಿನಲ್ಲಿ ಬೆಂಗಳೂರಿಗೇ ಹೊರಡುತ್ತಾನೆ. ಮೈಸೂರು ಮಾರ್ಗದಲ್ಲಿ ಇದು ಇನ್ನೂ ಕಷ್ಟ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಕ್ಕೆ ಬೈಕ್, ಆಟೊಗಳಿಗೆ ಪ್ರವೇಶವಿಲ್ಲ. ಅಪಘಾತಗಳನ್ನು ನೋಡಿ ಮಾಡಿದ ನಿಯಮ ಅದು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೈಕಿನವನು ಸರ್ವಿಸ್ ರಸ್ತೆಯಲ್ಲೇ ಬಿಡದಿ, ಕೆಂಗೇರಿ ದಾಟಿ ಊರೊಳಗೆ ಬರಬೇಕು. ಆ ರಸ್ತೆಯಿಂದ ಅವನನ್ನು ಉಳಿಸುವ ಶಕ್ತಿ ಇರುವುದು ಅದರ ಜೊತೆಜೊತೆಗೇ ಸಾಗುವ ತಮ್ಮ ಜೋಡಿ ಹಳಿಗಳಿಗೆ.

ಬೆಂಗಳೂರಿನ ತುದಿಯಲ್ಲಿ ಪರಿಸ್ಥಿತಿ ಈಗ ಬಹಳ ಸುಧಾರಿಸಿದೆ. ಮೆಜೆಸ್ಟಿಕ್‌ನಲ್ಲಿ ಇಳಿದರೆ ಮೆಟ್ರೊ ಪಕ್ಕದಲ್ಲೇ ಇದೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿಯಾದ ಮೇಲೆ ಮಾಲೂರು, ಬಂಗಾರಪೇಟೆಯವರು ವೈಟ್‌ಫೀಲ್ಡ್‌ನಲ್ಲೇ ರೈಲು ಬಿಟ್ಟು ಮೆಟ್ರೊ ಹಿಡಿಯಬಹುದು. 148 ಕಿಲೋಮೀಟರ್‌ಗಳ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಅಡಿಗಲ್ಲು ಬಿದ್ದಿದೆ. ಅದರ ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಚೆಂದದ ಹೆಸರುಗಳಿವೆ. ಅದು ಬರಲಿ, ಬೇಗ ಬರಲಿ. ಆದರೆ ಅದು ನಗರ ಮತ್ತು ಅದರ ಅಂಚಿನವರಿಗಾಗಿ ಇರುವ ಯೋಜನೆ. ಮಂಡ್ಯದವನಿಗೆ, ತುಮಕೂರಿನವನಿಗೆ ಇಂದಿಗೂ ನಾಳೆಗೂ ಮೆಮುವೇ ಉಪನಗರ ರೈಲು. ಅವನ ಊರಿನ ತುದಿಯ ಕೊಂಡಿ ಮಾತ್ರ ಹಾಗೇ ಕಳಚಿಕೊಂಡಿದೆ.

ಇದರ ಮೂಲ ಎಲ್ಲಿದೆ ಎಂದು ನೋಡಿದರೆ, ಸ್ಟ್ಯಾಂಡನ್ನು ರೈಲ್ವೆ ಯಾವ ಲೆಕ್ಕದಲ್ಲಿ ಇಟ್ಟಿದೆ ಎಂಬುದರಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಜಾಹೀರಾತು ಫಲಕ, ಪಾರ್ಸೆಲ್ ಜಾಗ, ಹಣ ಕೊಟ್ಟು ಬಳಸುವ ಶೌಚಾಲಯ, ಇವುಗಳ ಸಾಲಿನಲ್ಲೇ ಪಾರ್ಕಿಂಗ್ ಕೂಡ ಒಂದು ಆದಾಯದ ಬಾಬ್ತು. 2022ರ ಜೂನ್‌ನಿಂದ ಇವೆಲ್ಲ ಆನ್‌ಲೈನ್ ಹರಾಜಿಗೆ ಬಂದಿವೆ. ಹರಾಜಿನಿಂದ ಪಾರದರ್ಶಕತೆ ಬಂದಿರುವುದು ಒಳ್ಳೆಯದೇ. ಆದರೆ ಹೆಚ್ಚು ಕೂಗಿದವನಿಗೆ ಗುತ್ತಿಗೆ ಎಂದಾದಾಗ, ಕೂಗಿದ ಹಣವನ್ನು ಅವನು ವಾಪಸು ಗಳಿಸಬೇಕಲ್ಲ. ತಿಂಗಳಿಡೀ ಬರುವ ಪಾಸುದಾರನಿಗಿಂತ ಗಂಟೆ ಲೆಕ್ಕದಲ್ಲಿ ಬಂದುಹೋಗುವ ಕಾರು ಅವನಿಗೆ ಲಾಭ. ಮೇಲ್ಛಾವಣಿ ಹಾಕಿಸಿದರೆ ಅವನಿಗೆ ಬರುವುದೇನೂ ಇಲ್ಲ. ಗುತ್ತಿಗೆದಾರನನ್ನು ನಾನು ದೂರುತ್ತಿಲ್ಲ. ಷರತ್ತಿನಲ್ಲಿ ಇಲ್ಲದ್ದನ್ನು ಅವನು ಯಾಕೆ ಮಾಡಬೇಕು? ಷರತ್ತು ಬರೆಯುವ ಕೈ ತಮ್ಮದು.

ಪಾರ್ಕಿಂಗ್ ಅನ್ನು ಟಿಕೆಟಿನ ಒಂದು ಭಾಗ ಎಂದು ನೋಡಿ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. 150 ಕಿಲೋಮೀಟರ್ ದೂರದವರೆಗೆ ರೈಲ್ವೆ ಮಂತ್ಲಿ ಪಾಸ್ ಕೊಡುತ್ತದೆ, ಅದೂ ದಿನದ ಟಿಕೆಟಿಗೆ ಹೋಲಿಸಿದರೆ ಬಹಳ ಅಗ್ಗವಾಗಿ. ದುಡಿಯುವ ಜನರ ಬಗ್ಗೆ ರೈಲ್ವೆಗೆ ಇರುವ ಕಾಳಜಿ ಆ ಪಾಸಿನಲ್ಲಿ ಕಾಣುತ್ತದೆ. ಅದೇ ಪಾಸಿಗೆ ಸ್ಟ್ಯಾಂಡಿನ ತಿಂಗಳ ಶುಲ್ಕವನ್ನೂ ಸೇರಿಸಿ, ಒಂದೇ ಕೌಂಟರಿನಲ್ಲಿ ಅಥವಾ ಒಂದೇ ಆ್ಯಪ್‌ನಲ್ಲಿ ಯಾಕೆ ಕೊಡಬಾರದು? ಸ್ಟ್ಯಾಂಡಿನ ಒಂದಷ್ಟು ಜಾಗವನ್ನು ಬೆಳಗಿನ ಹೊತ್ತು ಪಾಸುದಾರರಿಗಾಗಿಯೇ ಕಾಯ್ದಿಡಿ. ಮೊದಲ ರೈಲಿಗೆ ಅರ್ಧ ಗಂಟೆ ಮುಂಚೆ ತೆರೆಯಬೇಕು, ಕೊನೆಯ ರೈಲು ಎಷ್ಟೇ ತಡವಾಗಿ ಬಂದರೂ ಅದರಲ್ಲಿ ಬಂದವರು ಹೊರಡುವ ತನಕ ಕಾವಲಿರಬೇಕು, ದೀಪ, ಕ್ಯಾಮೆರಾ, ಮಳೆಬಿಸಿಲಿಗೆ ಮಾಡು ಇರಬೇಕು ಎಂದು ಹರಾಜಿನ ಷರತ್ತಿನಲ್ಲೇ ಬರೆಯಿರಿ. ದರದ ಬೋರ್ಡ್ ಕನ್ನಡದಲ್ಲಿ, ದೊಡ್ಡದಾಗಿ ಇರಲಿ. ಹರಾಜಿನ ಮೊತ್ತ ಸ್ವಲ್ಪ ಇಳಿಯಬಹುದು. ಆ ನಷ್ಟದ ಎದುರಿಗೆ, ರೈಲಿಗೆ ಹೊಸದಾಗಿ ಬರುವವರ ಟಿಕೆಟ್ ಹಣವನ್ನೂ ಇಟ್ಟು ನೋಡಿ.

ದಿನದ ಪ್ರಯಾಣಿಕರಲ್ಲದ ಇನ್ನೊಂದು ವರ್ಗವಿದೆ, ಅವರನ್ನು ಯಾರೂ ನೆನೆಯುವುದಿಲ್ಲ. ಬೆಂಗಳೂರಿನ ಕಿದ್ವಾಯಿ, ಜಯದೇವ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ತಂದೆತಾಯಿಯನ್ನು ಕರೆದೊಯ್ಯುವವರು. ಕಾಯಿಲೆಯವರನ್ನು ಬೈಕಿನಲ್ಲಿ ಕೂರಿಸಲಾಗದೆ ಕಾರಿನಲ್ಲಿ ಸ್ಟೇಷನ್ನಿಗೆ ಕರೆತರುತ್ತಾರೆ. ಡಾಕ್ಟರು ಅಡ್ಮಿಟ್ ಆಗಿ ಎಂದರೆ ಆ ಕಾರು ಎರಡು ದಿನ, ನಾಲ್ಕು ದಿನ ಅಲ್ಲೇ ಇರಬೇಕಾಗುತ್ತದೆ. ರಾತ್ರಿ ನಿಲ್ಲಿಸಬಹುದೇ, ದರ ಎಷ್ಟು, ಯಾರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಸ್ಟೇಷನ್ನಿನಲ್ಲಿ ಉತ್ತರ ಸಿಗಬೇಕು. ಸಿಗದಿದ್ದರೆ ಅವರು ಕಾರನ್ನೇ ಬೆಂಗಳೂರಿಗೆ ಓಡಿಸುತ್ತಾರೆ. ಆಸ್ಪತ್ರೆಯ ಮುಂದೆ ನಿಲ್ಲಿಸಲು ಜಾಗವಿಲ್ಲದೆ ರೋಗಿಯನ್ನು ಬಾಗಿಲಲ್ಲಿ ಇಳಿಸಿ ಬೀದಿ ಬೀದಿ ಸುತ್ತುತ್ತಾರೆ.

ಅಮೃತ ಭಾರತ್ ಯೋಜನೆಯಡಿ ತಮ್ಮ ವಿಭಾಗದ ಮಂಡ್ಯ, ರಾಮನಗರ, ಚನ್ನಪಟ್ಟಣ, ತುಮಕೂರು, ಮಾಲೂರು ನಿಲ್ದಾಣಗಳ ಅಭಿವೃದ್ಧಿ ಕೆಲಸಕ್ಕೆ 2024ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಯಿತು. ಲಿಫ್ಟು, ನಿರೀಕ್ಷಣಾ ಕೊಠಡಿ, ಒಳ್ಳೆಯ ಶೌಚಾಲಯ ಎಲ್ಲವೂ ಬೇಕಾದವೇ. ಆ ನಕ್ಷೆಗಳಲ್ಲಿ ನಿಲ್ದಾಣದ ಮುಂಭಾಗಕ್ಕೆ ಕೊಟ್ಟ ಗಮನದಷ್ಟೇ ಸ್ಟ್ಯಾಂಡಿಗೂ ಕೊಡಿ. ಒಂದು ಕಾರಿನ ಜಾಗದಲ್ಲಿ ನಾಲ್ಕೈದು ಬೈಕುಗಳು ನಿಲ್ಲುತ್ತವೆ. ಆದ್ದರಿಂದ ಬಾಗಿಲಿಗೆ ಹತ್ತಿರದ ಜಾಗ ಸೈಕಲ್ಲಿಗೆ, ಬೈಕಿಗೆ. ಕಾರು ಸ್ವಲ್ಪ ದೂರಕ್ಕೆ. ಹಳಿಯ ಆಚೆ ಬದಿಯಿಂದ ಬರುವ ಹಳ್ಳಿಯವರಿಗೆ ಆಚೆಯೇ ಒಂದು ಸಣ್ಣ ಸ್ಟ್ಯಾಂಡ್ ಮಾಡಿದರೆ ಅವರು ಅಂಡರ್‌ಪಾಸ್ ಸುತ್ತಿಕೊಂಡು ಬರುವುದು ತಪ್ಪುತ್ತದೆ. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ನಿಲ್ದಾಣದ ಅಡಿಯಲ್ಲಿ 12,500 ಸೈಕಲ್‌ಗಳಿಗೆ ಜಾಗ ಮಾಡಿದ್ದಾರೆ, ಮೊದಲ 24 ಗಂಟೆ ಉಚಿತ. ನಮಗೆ ಅಷ್ಟು ದೊಡ್ಡದು ಬೇಕಿಲ್ಲ. ಸ್ಟ್ಯಾಂಡೂ ನಿಲ್ದಾಣದ ಕಟ್ಟಡದ ಒಂದು ಅಂಗವೆಂದು ಅವರು ತಿಳಿದರಲ್ಲ, ಆ ತಿಳಿವಳಿಕೆ ಸಾಕು.

ಪಾರ್ಕಿಂಗ್ ಹೆಚ್ಚಿಸಿದರೆ ವಾಹನಗಳೂ ಹೆಚ್ಚುತ್ತವೆ ಎನ್ನುವವರಿದ್ದಾರೆ. ನಗರದ ನಡುವೆ ಆ ಮಾತು ನಿಜ. ಅಲ್ಲಿ ಪಾರ್ಕಿಂಗ್ ದುಬಾರಿಯಾಗಿಯೇ ಇರಲಿ. ಆದರೆ ಹಳ್ಳಿಗೆ ಬಸ್ಸಿಲ್ಲದ ಕಡೆ ನಿಲ್ಲಿಸಿದ ಒಂದು ಬೈಕ್ ಎಂದರೆ ಬೆಂಗಳೂರಿನ ರಸ್ತೆಗೆ ಬಾರದ ಒಂದು ಬೈಕ್. ಕಾರಿನವರಿಂದ ಪೂರ್ತಿ ದರ ತೆಗೆದುಕೊಳ್ಳಿ, ಸೈಕಲ್ಲಿಗೆ ಬಿಡಿಗಾಸೂ ಬೇಡ.

ಗೇಟಿನ ಹೊರಗಿನ ರಸ್ತೆ ರೈಲ್ವೆಯದಲ್ಲ, ನಗರಸಭೆಯದು ಎಂಬುದು ನನಗೆ ಗೊತ್ತು. ಆದರೆ ನಗರಸಭೆ, ಪೊಲೀಸ್, ಸಾರಿಗೆ ನಿಗಮದ ಡಿಪೊ ಈ ಮೂವರನ್ನೂ ಒಂದು ಮೇಜಿಗೆ ಕರೆಯುವ ಸ್ಥಾನ ತಮ್ಮದು. ರೈಲ್ವೆ ಬಳಕೆದಾರರ ಸಲಹಾ ಸಮಿತಿಯ ಮುಂದಿನ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಡಿ. ಮುಂದಿನ ಪಾರ್ಕಿಂಗ್ ಹರಾಜಿನ ಷರತ್ತುಗಳಿಗೆ ಸಹಿ ಬೀಳುವ ಮೊದಲು, ಬೆಳಗಿನ ಮೆಮುಗೆ ಕಾದು ನಿಂತ ಪಾಸುದಾರರಲ್ಲಿ ಕೆಲವರನ್ನಾದರೂ ಕರೆಸಿ, ಅವರಿಗೆ ಏನು ಬೇಕೆಂದು ಕೇಳಿ ಎಂದು ಬೇಡಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಮೈಸೂರು ಮಾರ್ಗದ ಒಬ್ಬ ಪಾಸುದಾರ